ಸಮ ನೀರು

ಸಮೀಕ್ಷಾ ಟೊಮೆಟೊ ಗಿಡದ ಬುಡದಿಂದ ಒಂದು ಹಿಡಿ ತೆಂಗಿನನಾರಿನ ಪುಡಿ ತೆಗೆದು ಹಿಂಡಿದಳು. ನೀರು ಧಾರೆಯಾಗಿ ಮೇಲಧಿಕಾರಿ ಓಂಕಾರಪ್ಪನವರ ಬೂಟಿನ ಮೇಲೆ ಸುರಿಯಿತು. ಪಟ್ಟಂ ಬಡಾವಣೆಯ ಆ ಹಸಿರುಮನೆಯಲ್ಲಿ ನಾರಿನ ಪುಡಿಯಲ್ಲಿ ನೆಟ್ಟ ಸಾಲು ಹಳದಿಗಟ್ಟಿ ಬಾಡುತ್ತಿತ್ತು. ಹೊರದೇಶದಿಂದ ತರಿಸಿದ, ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ರಾಕ್‌ವೂಲಿನಲ್ಲಿ ನೆಟ್ಟ ಗಿಡಗಳು ಮಾತ್ರ ರಾಜಕುಮಾರಿಯರಂತೆ ನಿಂತಿದ್ದವು.

"ಪ್ರಯೋಗ ಅಂದ್ಮೇಲೆ ಎರಡಕ್ಕೂ ಸಮ ನೀರು ಕೊಟ್ರೇನೇ ನ್ಯಾಯ ಕಣಮ್ಮ. ನಿನ್ನ ನಾರು ಸೋತಿತು ಅಂತ ಎರ್ನಾಕುಲಂ ಹೆಡ್ಡಾಫೀಸಿಗೆ ವರದಿ ಕಳಿಸ್ತೀನಿ," ಎಂದರು ಅವರು.

"ಹಸಿದವರಿಗೂ ಹೊಟ್ಟೆ ತುಂಬಿದವರಿಗೂ ಒಂದೇ ಅಳತೇಲಿ ತುರುಕೋದು ನ್ಯಾಯಾನಾ ಸರ್? ಸ್ವಲ್ಪ ನೀರನ್ನೇ ಹಿಡಿದಿಟ್ಟು ಗಿಡ ಬೆಳೆಸೋದು ಈ ನಾರಿನ ಗುಣ. ಅದನ್ನೇ ಮುಳುಗಿಸಿ ಕೊಲ್ತಿದ್ದೀರಲ್ಲ!"

ಅವಳು ನಾರಿನ ಸಾಲಿನ ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸಿ ನಿಲ್ಲಿಸಿದಳು.

"ಪ್ರಯೋಗ ಕೆಡಿಸಿದ್ದು ನೀನೇ ಅಂತ ಬರೀತೀನಿ!"

"ಬರ್ಕೊಳ್ಳಿ," ಎಂದಳು ಸಮೀಕ್ಷಾ, ನಲ್ಲಿಯ ಮೇಲಿನ ಕೈ ತೆಗೆಯದೆ.