ನೂರನೆಯ ಡಬ್ಬಿ

ಮರದ ಪೊಟರೆಯೊಳಗೆ ಮೊಣಕೈವರೆಗೆ ಇಳಿದಿದ್ದ ಅಕ್ಕನ ಕೈಗೆ ಡಬ್ಬಿಯ ಮುಚ್ಚಳ ತಾಕಿತು. ಅದರ ಮೇಲೆ ಬೆಚ್ಚಗಿನದೇನೋ ಮಿಸುಕಿತು. ಲ್ಯಾಬಿನಲ್ಲಿ ದಿನವೂ ಎಳೆಯ ಮಕ್ಕಳ ನರ ಹುಡುಕಿ ರಕ್ತ ತೆಗೆಯುವ ಕೈ ಅದು, ಸದ್ದಿಲ್ಲದೆ ಹೊರಬಂತು. "ಹಕ್ಕಿ ಕಾವಿಗೆ ಕೂತಿದೆ ಕಣೋ," ಎಂದಳು ತಮ್ಮನಿಗೆ.

ಯಾರೋ ಬಚ್ಚಿಟ್ಟ ಡಬ್ಬಿಯನ್ನು ಫೋನಿನ ನಕ್ಷೆ ಹಿಡಿದು ಹುಡುಕುವುದು ಅಕ್ಕ ತಮ್ಮ ಇಬ್ಬರ ಭಾನುವಾರದ ಹುಚ್ಚು. ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟರೆ ಮಾತ್ರ ಸಿಕ್ಕಿದಂತೆ. ಇಬ್ಬರದೂ ತೊಂಬತ್ತೊಂಬತ್ತಾಗಿತ್ತು. ನೂರು ಮೊದಲು ಮುಟ್ಟುವವರು ಯಾರೆಂದು ವಾರವಿಡೀ ಕಿತ್ತಾಡಿದ್ದರು.

"ಡಬ್ಬಿ ಮುಟ್ಟಿದ್ದೀಯಲ್ಲ, ಫೋನಲ್ಲಿ ಸಿಕ್ತು ಅಂತ ಹಾಕ್ಬಿಡು. ಯಾರು ಬಂದು ನೋಡ್ತಾರೆ?" ಎಂದ ತಮ್ಮ.

"ಹೆಸರು ಬರೆದಿಲ್ವಲ್ಲ. ಅದೂ ಅಲ್ದೆ, ಸಿಕ್ತು ಅಂದ್ರೆ ನಾಳೆ ಇನ್ನೊಬ್ರು ಬಂದು ಕೈ ಹಾಕ್ತಾರೆ." ಅಕ್ಕ ಫೋನಿನಲ್ಲಿ 'ಸಿಗಲಿಲ್ಲ' ಎಂಬುದನ್ನು ಒತ್ತಿದಳು. ಮರಿ ಹಾರುವವರೆಗೆ ಈ ಜಾಗವನ್ನು ನಕ್ಷೆಯಿಂದ ತೆಗೆದಿಡಿ ಎಂದು ಡಬ್ಬಿ ಇಟ್ಟವರಿಗೂ ಬರೆದಳು.

ತಮ್ಮ ಪಕ್ಕದ ಬೆಂಚಿನ ಮೇಲೆ ಕೂತು ಫೋನಿನಲ್ಲಿ ತನಗೆ ಸಿಕ್ಕ ಡಬ್ಬಿಗಳ ಪಟ್ಟಿ ತೆರೆದ. "ಸೇತುವೆ ಕೆಳಗಿನ ಡಬ್ಬಿ ಇತ್ತಲ್ಲ ಅಕ್ಕ, ಅದು ನಂಗೆ ಸಿಕ್ಕೇ ಇರ್ಲಿಲ್ಲ. ಕೆಸರು ಅಂತ ಇಳೀಲಿಲ್ಲ. ಮೇಲೆ ನಿಂತೇ ಹಾಕ್ಬಿಟ್ಟೆ."

ಅವನು ಅದನ್ನು ಪಟ್ಟಿಯಿಂದ ಅಳಿಸಿದ, ಅವನ ಲೆಕ್ಕ ತೊಂಬತ್ತೆಂಟಾಯಿತು. ಅಕ್ಕ ಬಗ್ಗಿ ತನ್ನ ಪ್ಯಾಂಟಿನ ಅಂಚನ್ನು ಮೊಣಕಾಲಿನವರೆಗೆ ಮಡಚಿದಳು.

"ನಡಿ, ಸೇತುವೆ ಇಲ್ಲಿಂದ ದೂರ ಏನಿಲ್ಲ."