ಬೇಡ ಅನ್ನುವ ಫೋನು

"ಬೇಡ ಅನ್ನೋದನ್ನ ಮೆಸೇಜಲ್ಲಿ ಕಳಿಸಬಾರದು ಕಣೇ, ಬಾಯಲ್ಲೇ ಹೇಳ್ಬೇಕು. ಚೆಂಡು ಹೊಡೆಯೋವಾಗಿನ ಜೋರು ನಾಲಿಗೆಗಿಲ್ವಾ?" ಅಪ್ಪ ಛೇಡಿಸಿದ ಮೇಲೆ ಮಾರಿಟ್, ತನ್ನನ್ನು ತಂಡಕ್ಕೆ ಕರೆದಿದ್ದ ಸಣ್ಣ ಕಾಲೇಜಿನ ವಾಲಿಬಾಲ್ ಕೋಚ್ ವರ್ನಾ ಅವರಿಗೆ ಫೋನು ಮಾಡಿದಳು. ಅವಳನ್ನು ಕರೆದಿದ್ದ ಇನ್ನೊಂದು, ದೊಡ್ಡ ಕಾಲೇಜಿನ ತಂಡಕ್ಕೆ ಸೇರುವ ಕಾಗದಕ್ಕೆ ನಾಳೆ ಶಾಲೆಯಲ್ಲಿ ಎಲ್ಲರೆದುರು ಸಹಿ ಹಾಕುವುದಿತ್ತು.

"ಕೋಚ್, ನಾನು... ನಿಮ್ಮಲ್ಲಿಗೆ ಬರೋದಿಲ್ಲ."

"ಆಗಲಿ ಮಗಳೇ, ಚೆನ್ನಾಗಿ ಆಡು. ಅಲ್ಲಿಯವರಿಗೆ ನಿನ್ನ ಎಡ ಮಂಡಿ ತೋರಿಸು. ಜಿಗಿದು ಇಳಿಯೋವಾಗ ಭಾರ ಎಲ್ಲಾ ಅದರ ಮೇಲೇ ಬಿಡ್ತೀಯ, ನೋಯ್ತಿರಬೇಕು."

ಮಾರಿಟ್ ಮಂಡಿ ಮುಟ್ಟಿಕೊಂಡಳು. ಆ ನೋವನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ. ದೊಡ್ಡ ಕಾಲೇಜಿನವರು ನಾಲ್ಕು ಸಲ ಬಂದು ಅವಳ ಎತ್ತರವನ್ನಷ್ಟೇ ಹೊಗಳಿ ಹೋಗಿದ್ದರು.

"ಸರಿ, ಇಡ್ಲಾ?" ಎಂದರು ವರ್ನಾ.

"ಇಡಬೇಡಿ ಕೋಚ್," ಎಂದಳು ಮಾರಿಟ್. "ನನ್ನ ಆಟದಲ್ಲಿ ಇನ್ನೂ ಏನೇನು ನೋಡಿದ್ರಿ, ಹೇಳಿ."