ಮಸರಕಲ್ ಹತ್ತಿರ ನಿಂತ ಕಾರು

ಕಾರು ಈ ಸಲವೂ ಬಟನ್ ಒತ್ತಿದ ಕೂಡಲೇ ಚಾಲೂ ಆಯಿತು. ಪೂರ್ಣಶ್ರೀ ಎಂಜಿನ್ ಆರಿಸಿ ಮತ್ತೆ ಬಟನ್ ಒತ್ತಿದಳು. ದೇವದುರ್ಗದ ಅಕ್ಕಿ ಗಿರಣಿಯ ಅಂಗಳದಲ್ಲಿ, ಬೆಳಗಿನ ಬಿಸಿಲಿಗೆ ಮೈಯೊಡ್ಡಿ, ಅದು ನಿಂತಲ್ಲೇ ಸದ್ದಿಲ್ಲದೆ ಚಾಲೂ ಇತ್ತು. ನಡುರಸ್ತೆಯಲ್ಲಿ ಕೆಟ್ಟು ನಿಂತು ಒಂದು ಜೀವ ಕಳೆದ ಕಾರಿನ ಹಾಗೆ ಕಾಣುತ್ತಿರಲಿಲ್ಲ.

“ಏನರೆ ಸಿಕ್ತೇನ್ರಿ ಮೇಡಂ?” ಗಿರಣಿ ಮಾಲೀಕ ಮಲ್ಲೇಶ ಕಿಟಕಿಗೆ ಬಗ್ಗಿ ಕೇಳಿದ.

“ಇನ್ನೂ ಇಲ್ರಿ.”

“ಶೋರೂಮಿನವ್ರೂ ಏನೂ ಸಿಗಲಿಲ್ಲ ಅಂತ ಹೇಳಿ ಕೈ ತೊಳಕೊಂಡ್ರು. ಸೋಮವಾರ ಗ್ರಾಹಕರ ಕೋರ್ಟಿನಾಗ ನೀವು ಬಂದು ಹೇಳ್ರಿ. ನಮ್ಮವ್ವ ರಸ್ತಾದಾಗ ಸತ್ತಳು. ಕಂಪನಿ ತಪ್ಪು ಒಪ್ಪಬೇಕು, ಅಷ್ಟ.”

ಪೂರ್ಣಶ್ರೀ ತಲೆಯಾಡಿಸಿದಳು. ಅವನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಈ ಕಾರನ್ನು ಕೊಳ್ಳಿ ಎಂದು ಹೇಳಿದವಳೇ ಅವಳು.

ರಾಯಚೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಅವಳು ವಾಹನಗಳ ಪಾಠ ಮಾಡುತ್ತಿದ್ದಳು. ಮಲ್ಲೇಶನ ಹೆಂಡತಿ ವಿಜಯಶ್ರೀ ಅವಳ ಹಾಸ್ಟೆಲ್ ದಿನಗಳ ಗೆಳತಿ. ಕಳೆದ ವರ್ಷ ಗಂಡಹೆಂಡತಿ ಇಬ್ಬರೂ ಎರಡು ಕಂಪನಿಗಳ ಹೆಸರು ಹೇಳಿ, ಯಾವುದು ತಗೊಳ್ಳೋಣ ಎಂದು ಕೇಳಿದ್ದರು. ಒಂದು ಹಳೆಯ ಕಂಪನಿ. ಹದಿನೈದು ವರ್ಷದಿಂದ ಅದೇ ಎಂಜಿನ್, ಅದೇ ಸಪ್ಪೆ ಮುಖ; ಆದರೆ ಮಾನ್ವಿಯ ಸಣ್ಣ ಗ್ಯಾರೇಜಿನಲ್ಲೂ ಬಿಡಿಭಾಗ ಸಿಗುತ್ತಿತ್ತು. ಇನ್ನೊಂದು ಹೊಸದು. ಅಗಲವಾದ ಪರದೆ, ಅಡ್ಡ ಏನಾದರೂ ಬಂದರೆ ತಾನೇ ಬ್ರೇಕ್ ಹಾಕಿಕೊಳ್ಳುವ ಜಾಣತನ. ಎಷ್ಟು ವರ್ಷ ಬಾಳುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

“ಹೊಸದ ತಗೋರಿ. ಕಾಲ ಮುಂದ ಹೋಗಾಕತ್ತದ,” ಎಂದಿದ್ದಳು ಪೂರ್ಣಶ್ರೀ.

ಮಲ್ಲೇಶನ ತಾಯಿ ಶರಣಮ್ಮನಿಗೆ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆರಡು ಸಲ ರಾಯಚೂರಿಗೆ ಡಯಾಲಿಸಿಸ್. ಒಂದು ಸರದಿಯನ್ನೂ ತಪ್ಪಿಸಬಾರದೆಂದು ಮಲ್ಲೇಶನ ಹಟ. ತಾನೇ ಕಾರು ಓಡಿಸಿ ಕರೆದೊಯ್ಯುವವಳು ಸೊಸೆ ವಿಜಯಶ್ರೀ. ಆ ದಿನ ಮುದುಕಿಗೆ ಉಸಿರು ಕಟ್ಟತೊಡಗಿತ್ತು. ಮಸರಕಲ್ ದಾಟಿದ ಮೇಲೆ ಕಾರು ನಿಂತುಬಿಟ್ಟಿತು. ಯಾರೋ ನೋಡಿ ಓಡಿ ಬರುವಷ್ಟರಲ್ಲಿ ಶರಣಮ್ಮ ಸೊಸೆಯ ತೊಡೆಯ ಮೇಲೆ ತಣ್ಣಗಾಗಿದ್ದಳು.

ಜಾಲಹಳ್ಳಿ ಬಸ್ಸು ಅದೇ ಹೊತ್ತಿಗೆ ಪಕ್ಕದಲ್ಲೇ ಹಾದುಹೋಗಿತ್ತು. “ಅಕ್ಕಾರು ಕೈ ಮಾಡಲಿಲ್ರಿ, ಮಾಡಿದ್ರ ನಿಲ್ಲಿಸ್ತಿದ್ದೆ,” ಎಂದು ಡ್ರೈವರ್ ಆಮೇಲೆ ಪೇಚಾಡಿದ್ದ. ಗಾಬರಿಯಲ್ಲಿ ವಿಜಯಶ್ರೀಗೆ ಕೈಕಾಲೇ ಆಡಿರಲಿಕ್ಕಿಲ್ಲ ಎಂದು ಪೂರ್ಣಶ್ರೀ ಕೊರಗಿದ್ದಳು. ಮಲ್ಲೇಶ ಕಾರನ್ನು ಮಾರಲು ಹೊರಟಾಗ ವಿಜಯಶ್ರೀ ಬಿಡಲಿಲ್ಲ. ದಿನವೂ ಅದನ್ನೇ ಓಡಿಸಿದಳು, ಒಬ್ಬಳೇ. ಕಾರು ಕೊಳ್ಳಿ ಎಂದ ತನಗೆ ಗೆಳತಿ ಕೊಡುತ್ತಿರುವ ಶಿಕ್ಷೆ ಅದು ಎಂದು ಪೂರ್ಣಶ್ರೀಗೆ ಅನ್ನಿಸಿತ್ತು.

“ಅದೇ ರಸ್ತಾದಾಗ ಒಮ್ಮೆ ಓಡಿಸಿ ನೋಡ್ತೀನಿ,” ಎಂದು ಅವಳು ಈಗ ಹೇಳಿದಳು. ವಿಜಯಶ್ರೀ ಪಕ್ಕದಲ್ಲಿ ಬಂದು ಕೂತಳು.

ಕಾರು ಎಲ್ಲೂ ಮುಗ್ಗರಿಸಲಿಲ್ಲ. ಏರಿನಲ್ಲಿ, ತಗ್ಗಿನಲ್ಲಿ, ಹತ್ತಿ ತುಂಬಿದ ಟ್ರ್ಯಾಕ್ಟರಿನ ಹಿಂದೆ ತೆವಳುವಾಗಲೂ. ಮಸರಕಲ್ ದಾಟಿತು.

“ಎಷ್ಟು ಓಡಿಸಿದ್ರೂ ಅಷ್ಟ,” ಎಂದಳು ವಿಜಯಶ್ರೀ. “ಇದು ನಿಲ್ಲಂಗಿಲ್ಲ.”

ಪೂರ್ಣಶ್ರೀ ರಸ್ತೆಯ ಬದಿಗೆ ಗಾಡಿ ಸರಿಸಿದಳು. ಎಂಜಿನ್ ಆರಿಸಿದಳು.

“ವಿಜೀ, ನಿನಗೊಂದು ಮಾತು ಹೇಳಿಲ್ಲ. ನಿಮಗ ಇದನ್ನ ತಗೋರಿ ಅಂದೆ. ಅದೇ ತಿಂಗಳು ನಮ್ಮಪ್ಪಗ ಹಳೇ ಕಂಪನಿದು ಕೊಡಿಸಿದೆ. ಮಾನ್ವಿಗೆ ಓಡಾಡ್ತಾರ, ನಡುವ ಕೆಟ್ಟು ನಿಲ್ಲಬಾರದು ಅಂತ. ಈ ಹೊಸದು ಹೆಂಗ ಬಾಳತದ ಅಂತ ನೋಡೋ ಆಸಿ ಇತ್ತು ನನಗ. ನಿಮ್ಮ ಮನ್ಯಾಗ ನೋಡಿದೆ.”

ವಿಜಯಶ್ರೀ ಹೊಲದ ಕಡೆ ನೋಡುತ್ತ ಕೂತಿದ್ದಳು.

“ಸೋಮವಾರ ಎಲ್ಲಾರ ಮುಂದ ಹೇಳ್ತೀನಿ,” ಎಂದಳು ಪೂರ್ಣಶ್ರೀ. “ಇದು ನಂಬೋ ಗಾಡಿ ಅಲ್ಲ, ಗೊತ್ತಿದ್ದೂ ನಾನ ಕೊಡಿಸಿದೆ ಅಂತ. ನಿಮ್ಮತ್ತಿ ಜೀವ ನನ್ನಿಂದ ಹೋತು.”

“ಹಂಗನಬ್ಯಾಡ.”

“ಮತ್ತ ಯಾರಿಂದ ಹೋತು?”

ವಿಜಯಶ್ರೀ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆಮೇಲೆ ಸೆರಗು ತೆಗೆದು, ಗೆಳತಿಯ ಕಡೆ ತಿರುಗಿದಳು.

“ಅತ್ತಿ ನನ್ನ ಕೈ ಹಿಡಕೊಂಡು, ‘ಸಾಕವ್ವಾ, ಆ ಮಿಷನ್ನಿಗೆ ಮತ್ತ ಹಾಕಬ್ಯಾಡ, ಇಲ್ಲೇ ನಿಲ್ಸು’ ಅಂದ್ರು. ನಾ ನಿಲ್ಲಿಸಿದೆ.”